ಸೋತವರಿಗೆ ಸಕ್ಕರೆಯಿಲ್ಲದ ಚಹಾ

ರಊಫನಿಗೆ ಈ ಇಂಗ್ಲೆಂಡಿನ ರಾಜಕೀಯದಲ್ಲಿ ಇದ್ದದ್ದು ಒಂದೇ ಆಸೆ. ಆಳುವ ಪಕ್ಷ ಒಮ್ಮೆ ಮಕಾಡೆ ಮಲಗಬೇಕು; ಮಾರನೆಯ ಬೆಳಿಗ್ಗೆ ಅವನು ಹೆಂಡತಿ ಖೈರುನ್ನೀಸಾಳಿಗೆ ಕೈಯಾರೆ ಸಕ್ಕರೆಯಿಲ್ಲದ ಚಹಾ ಮಾಡಿ ಕೊಡಬೇಕು; ಅವಳು ಮುಖ ಹಿಂಡಿಕೊಂಡು ಕುಡಿಯುವುದನ್ನು ಎದುರಿಗೆ ಕೂತು ನೋಡಬೇಕು. ಎರಡು ಸಾವಿರದ ಇಪ್ಪತ್ನಾಲ್ಕರ ಜುಲೈಯಲ್ಲಿ ಪಕ್ಷವೇನೋ ಮಲಗಿತು. ಚಹಾವೂ ಆಯಿತು. ಕುಡಿಯಬೇಕಾದವಳು ಮಾತ್ರ ಭೂಮಿಯ ಆ ಬದಿಯಲ್ಲಿದ್ದಳು.

ರಊಫ್ ಮೈಸೂರಿನ ಮಂಡಿ ಮೊಹಲ್ಲಾದವನು. ನಾನು ತಿರುಮಕೂಡಲಿನ ಕಡೆಯವನು. ಬರ್ಮಿಂಗ್ಹ್ಯಾಮಿನ ಹೊರಗಿನ ಒಂದು ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ನನ್ನ ಲೇತಿನ ಪಕ್ಕದ ಲೇತು ಅವನದು. ಮೊದಲ ದಿನ ಕಬ್ಬಿಣದ ಚೂರು ಬೆರಳಿಗೆ ಹೊಕ್ಕು ಅವನು 'ಅಯ್ಯಮ್ಮಾ' ಅಂದಾಗ ನಾನು ಮಿಷನ್ನು ನಿಲ್ಲಿಸಿ ತಿರುಗಿ ನೋಡಿದ್ದೆ. ಈ ಊರಿನಲ್ಲಿ ಕನ್ನಡದಲ್ಲಿ ನರಳಿದ ಮೊದಲನೆಯವನು ಅವನೇ. ಆಮೇಲೆ ಕಾರ್ಖಾನೆ ಮುಚ್ಚಿತು, ಇಬ್ಬರ ತಲೆಯೂ ಬೆಳ್ಳಗಾಯಿತು, ಮನೆಗಳು ಮಾತ್ರ ಒಂದೇ ಬೀದಿಯಲ್ಲಿ ಉಳಿದುಕೊಂಡವು. ಅವನು ನನಗಿಂತ ಚಿಕ್ಕವನು. ನನ್ನನ್ನು ಮೃತ್ಯುಂಜಯಣ್ಣ ಎನ್ನುತ್ತಾನೆ. ಖೈರುನ್ನೀಸಾಳಿಗೂ ನಾನು ಅಣ್ಣನೇ. ಗಂಡಹೆಂಡತಿ ತಮ್ಮತಮ್ಮಲ್ಲಿ ದಖನಿಯಲ್ಲಿ ಮಾತಾಡಿಕೊಂಡರೂ ನಾನು ಬಂದು ಕೂತರೆ ಜಗಳವನ್ನು ಕನ್ನಡಕ್ಕೆ ತಿರುಗಿಸುತ್ತಿದ್ದರು. ಅತಿಥಿಗೆ ಅರ್ಥವಾಗದ ಜಗಳ ಆಡುವುದು ಮರ್ಯಾದೆಯಲ್ಲ ಎಂಬುದು ಅವಳ ಲೆಕ್ಕ.

ಮೊದಲೆಲ್ಲ ಇಬ್ಬರದೂ ಒಂದೇ ಓಟು. ಕಾರ್ಖಾನೆಯವರೆಲ್ಲ ಯಾವ ಪಕ್ಷಕ್ಕೆ ಹಾಕುತ್ತಿದ್ದರೋ ಅದಕ್ಕೇ. ಮನೆ ಎರಡು ಪಾಲಾದದ್ದು 'ಸರ್ಜರಿ' ಎಂಬ ಒಂದು ಮಾತಿನಿಂದ.

ಇಲ್ಲಿ ಜಿ.ಪಿ. ಡಾಕ್ಟರು ರೋಗಿಗಳನ್ನು ನೋಡುವ ಜಾಗಕ್ಕೆ ಸರ್ಜರಿ ಅನ್ನುತ್ತಾರೆ. ಎಂ.ಪಿ. ಆದವರು ವಾರಕ್ಕೊಮ್ಮೆ ಜನರ ಕಷ್ಟಸುಖ ಕೇಳಲು ಕೂರುತ್ತಾರಲ್ಲ, ಅದಕ್ಕೂ ಸರ್ಜರಿ ಎಂದೇ ಹೆಸರು. ಖೈರುನ್ನೀಸಾಳಿಗೆ ಆ ಕಾಲದಲ್ಲಿ ಮೊಣಕಾಲು ನೋವು. ಬೆಳಗಾದರೆ ಜಿ.ಪಿ.ಗೆ ಫೋನು ಹಚ್ಚುವುದು, ಅದು ಸಂಗೀತ ಹಾಡುವುದು, ಕೊನೆಗೆ ಇವತ್ತು ಜಾಗವಿಲ್ಲ ಅನ್ನುವುದು. ಹೀಗಿರುವಾಗ ಬಾಗಿಲ ಸಂದಿಯಿಂದ ಒಂದು ಚೀಟಿ ಬಿತ್ತು: ಶನಿವಾರ ಬೆಳಿಗ್ಗೆ ಲೈಬ್ರರಿಯಲ್ಲಿ ಸರ್ಜರಿ, ಯಾರು ಬೇಕಾದರೂ ಬರಬಹುದು, ಮುಂಚೆ ಹೇಳಬೇಕಾಗಿಲ್ಲ. ಅವಳಿಗೆ ಸ್ವರ್ಗದ ಬಾಗಿಲೇ ತೆರೆದಂತಾಯಿತು. ಶನಿವಾರ ಹೋಗಿ ಸಾಲಿನಲ್ಲಿ ಕೂತು, ಸರದಿ ಬಂದಾಗ ಮೇಜಿನ ಎದುರಿನ ಹೆಂಗಸಿಗೆ ಸಲಾಂ ಹೇಳಿ, ಶಲ್ವಾರ್ ಮೇಲೆ ಸರಿಸಿ, ಎಡಗಾಲನ್ನು ಕುರ್ಚಿಯ ಮೇಲಿಟ್ಟಳು.

"ಮೆಟ್ಟಿಲು ಹತ್ತುವಾಗ ಜಾಸ್ತಿ, ಇಳಿಯುವಾಗ ಕಮ್ಮಿ" ಅಂದಳು.

ಆ ಹೆಂಗಸು ಆಗಿನ್ನೂ ಹೊಸದಾಗಿ ಗೆದ್ದಿದ್ದ ನಮ್ಮ ಎಂ.ಪಿ. ಆಳುವ ಪಕ್ಷದವಳು. ಅವಳು ನಗಲಿಲ್ಲ. ಎದ್ದು ಬಂದು, ಬಗ್ಗಿ, ಊದಿದ ಮೊಣಕಾಲನ್ನು ನೋಡಿ, "ನಮ್ಮಮ್ಮನದೂ ಇದೇ ಕಾಲು" ಅಂದಳಂತೆ. ಅಷ್ಟೇ. ಆಮೇಲೆ ಯಾರಿಗೆ ಪತ್ರ ಬರೆದಳೋ, ಯಾರ ಬೆನ್ನು ಹತ್ತಿದಳೋ, ಎಲೆ ಉದುರುವ ಹೊತ್ತಿಗೆ ಖೈರುನ್ನೀಸಾಳಿಗೆ ಹೊಸ ಮೊಣಕಾಲು ಬಂದಿತ್ತು. ಅವಳ ಓಟು ಆ ಕಾಲಿನ ಜೊತೆಗೇ ಆಚೆ ನಡೆದುಹೋಯಿತು.

ರಊಫ್ ಕೂಗಾಡಿದ. "ನಮ್ ಬಸ್ಸು ನಿಲ್ಸಿದ್ದು ಅವ್ರೇ, ಲೈಬ್ರರಿಗೆ ಅರ್ಧ ವಾರ ಬೀಗ ಹಾಕಿದ್ದೂ ಅವ್ರೇ. ಒಂದ್ ಮಂಡಿಚಿಪ್ಪಿಗೆ ಮಾರ್ಕೊಂಬಿಟ್ಯಾ?"

"ಹೂಂ, ಮಾರ್ಕೊಂಡೆ. ನಿಮ್ಮ ಪಕ್ಷದೋರು ನನ್ನ ಕಾಲು ನೋಡಿದ್ರಾ? ಮುಖಾನೇ ನೋಡಿಲ್ಲ" ಅಂದಳು ಅವಳು.

ಮುಂದಿನ ಚುನಾವಣೆಯ ದಿನ ಒಂದು ಒಪ್ಪಂದವಾಯಿತು. ನಿನ್ನ ಓಟು ನನ್ನದನ್ನು ಹೊಡೆಯುತ್ತದೆ, ನನ್ನದು ನಿನ್ನದನ್ನು. ಹಾಗಿದ್ದಮೇಲೆ ಇಬ್ಬರೂ ಮಳೆಯಲ್ಲಿ ನೆನೆಯುವುದೇಕೆ ಎಂದು ಇವನು. ನಾನು ಮನೆಯಲ್ಲಿ ಉಳಿದರೆ ನೀವು ಹಿತ್ತಿಲ ಬಾಗಿಲಿಂದ ಹೋಗಿ ಹಾಕಿಬರುತ್ತೀರಿ ಎಂದು ಅವಳು. ಕೊನೆಗೆ ಗೊತ್ತುಮಾಡಿಕೊಂಡದ್ದು ಇದು: ಹೋದರೆ ಜೋಡಿಯಾಗಿ ಹೋಗುವುದು, ಒಬ್ಬರು ಊರಲ್ಲಿಲ್ಲದಿದ್ದರೆ ಇನ್ನೊಬ್ಬರೂ ಹೋಗಬಾರದು. ಮತ್ತು ಫಲಿತಾಂಶದ ಬೆಳಿಗ್ಗೆ ಸೋತವರಿಗೆ ಗೆದ್ದವರ ಕೈಯಿಂದ ಸಕ್ಕರೆಯಿಲ್ಲದ ಚಹಾ. ಪ್ರತಿ ಸಲವೂ ಕುಡಿದವನು ರಊಫನೇ. ಒಂದು ಸಲ ಅವಳು ತಾಯಿ ತೀರಿಕೊಂಡರೆಂದು ಮೈಸೂರಿಗೆ ಹೋಗಿದ್ದಳು, ಚುನಾವಣೆ ಬಂತು, ಇವನು ಬೂಟು ಕೂಡ ಹಾಕಲಿಲ್ಲ. ಆ ಸಲವೂ ಅವಳ ಪಕ್ಷವೇ ಗೆದ್ದಿತು. ವಾಪಸು ಬಂದವಳು ಸೂಟ್‌ಕೇಸು ಕೆಳಗಿಡುವ ಮುಂಚೆ ಚಹಾಕ್ಕೆ ನೀರಿಟ್ಟಳು.

ಎಂ.ಪಿ.ಗೂ ಅವಳಿಗೂ ಪಾತ್ರೆಯ ನಂಟು ಬೆಳೆದದ್ದು ಆ ಮೊಣಕಾಲಿನ ಕಾಲದಲ್ಲೇ. ಕಾಲು ಸರಿಹೋದ ಖುಷಿಗೆ ಖೈರುನ್ನೀಸಾ ಒಂದು ಸ್ಟೀಲಿನ ಡಬ್ಬಿಯ ತುಂಬ ಬಿರಿಯಾನಿ ಕೊಂಡುಹೋಗಿ ಕೊಟ್ಟಳು. ಡಬ್ಬಿ ತಳತಳ ತೊಳೆದು ಖಾಲಿ ಬಂತು. ಇವಳು ಎಂ.ಪಿ. ಎಂದು ಸಂಕೋಚಪಡಲಿಲ್ಲ. "ಮೇಡಂ, ನಮ್ಮಲ್ಲಿ ಪಾತ್ರೆ ಖಾಲಿ ವಾಪಸ್ ಕೊಡಲ್ಲ. ಒಂದು ಚಿಟಿಕೆ ಉಪ್ಪಾದ್ರೂ ಹಾಕಿ ಕೊಡಬೇಕು" ಎಂದು ಪಾಠ ಹೇಳಿದಳು. ಮುಂದಿನ ಸಲ ಡಬ್ಬಿ ಕೊಡುವಾಗ ಎಂ.ಪಿ., ಒಳಗೆ ನಮ್ಮ ತೋಟದ ಗೂಸ್‌ಬೆರಿ ಇದೆ ಅಂದಳು. ಖೈರುನ್ನೀಸಾ ಬೀದಿಯುದ್ದಕ್ಕೂ ಹಾರಿಕೊಂಡೇ ಬಂದಳು. ಗೂಸ್‌ಬೆರಿ ಅಂದರೆ ನೆಲ್ಲಿಕಾಯಿ ಎಂದು ಮೈಸೂರಿನ ಶಾಲೆಯ ಗೋಡೆಯ ಮೇಲೆ ಚಿತ್ರಸಮೇತ ಬರೆದಿತ್ತಲ್ಲ! ಮುಚ್ಚಳ ತೆಗೆದರೆ ಒಳಗೆ ಹಸಿರು ಗೆರೆಯ, ಮೈಮೇಲೆ ಕೂದಲಿರುವ, ದ್ರಾಕ್ಷಿಯಂಥದ್ದೇನೋ.

"ಇದಕ್ಕೆ ಗಡ್ಡ ಬಂದದೆ" ಅಂದ ರಊಫ್.

"ಇಂಗ್ಲೆಂಡ್ ನೆಲ್ಲಿಕಾಯಿ. ಚಳಿಗೆ ಕೂದಲು ಬೆಳೆಸ್ಕೊಂಡದೆ" ಎಂದು ಅವಳು ಅದನ್ನೇ ಒರೆಸಿ, ಸಾಸಿವೆ, ಮೆಂತ್ಯ, ಖಾರದಪುಡಿ ಕಲಸಿ ಉಪ್ಪಿನಕಾಯಿ ಹಾಕಿದಳು. ಹುಳಿ ಎಂದರೆ ಹಲ್ಲು ಜುಮ್ಮೆನ್ನುವ ಹುಳಿ. ಅಂದಿನಿಂದ ಪ್ರತಿ ಬೇಸಿಗೆ ಆ ಮನೆಯಲ್ಲಿ ಆಳುವ ಪಕ್ಷದ ಉಪ್ಪಿನಕಾಯಿ. ರಊಫ್ ಬೈದುಕೊಂಡೇ ಚಪ್ಪರಿಸುತ್ತಿದ್ದ.

ಒಬ್ಬಳೇ ಮಗಳು ಸಮ್ರಾ. ಇಲ್ಲೇ ಹುಟ್ಟಿ ನರ್ಸಾಗಿ, ಮದುವೆಯಾಗಿ, ಆಸ್ಟ್ರೇಲಿಯಾದ ಅಡಿಲೇಡಿಗೆ ಹೋದಳು. ಅವಳ ಗಂಡನಿಗೆ ದೂರದ ಗಣಿಯಲ್ಲಿ ಕೆಲಸ. ತಿಂಗಳಲ್ಲಿ ಅರ್ಧ ಮನೆಯಲ್ಲಿರುವುದಿಲ್ಲ. ಅವಳಿಗೆ ಅವಳಿ ಮಕ್ಕಳಾಗುವ ಸುದ್ದಿ ಬಂತು. ಕೋವಿಡ್ಡಿನ ಬಾಗಿಲು ತೆರೆದದ್ದೇ ತಡ ಖೈರುನ್ನೀಸಾ ಬಾಣಂತನಕ್ಕೆಂದು ಹೊರಟಳು. ಆರು ತಿಂಗಳು ಎಂದು ಹೋದವಳು. ಮಕ್ಕಳಿಗೆ ಹಲ್ಲು ಬರಲಿ ಎಂದಾಯಿತು, ನಡೆಯಲಿ ಎಂದಾಯಿತು. ಸಮ್ರಾಳಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಬಿದ್ದಾಗ ಮಕ್ಕಳನ್ನು ನೋಡುವವರು ಯಾರು? ವೀಸಾ ಬೆಳೆಸಿಕೊಂಡೇ ಹೋದರು. ರಊಫ್ ಒಮ್ಮೆ ಹೋಗಿಬಂದ. ಅಲ್ಲಿ ಅವನಿಗೆ ನಿಲ್ಲಲಾಗಲಿಲ್ಲ. "ಬಿಸಿಲು ನಮ್ಮೂರಿಂದೇ ಅಣ್ಣಾ, ಆದ್ರೆ ಆ ಬಿಸಿಲಲ್ಲಿ ಗುರುತಿನೋರು ಒಬ್ರೂ ಇಲ್ಲ" ಅಂದ. ಮನೆ ಮಾರಿ ಬನ್ನಿ ಅಬ್ಬಾ ಎಂದು ಸಮ್ರಾ ಪ್ರತಿ ಭಾನುವಾರ ಹೇಳುತ್ತಿದ್ದಳು. ಇವನು ಆಗಲಿ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಖೈರುನ್ನೀಸಾ ಬರುತ್ತಾಳೋ, ಇವನೇ ಇಲ್ಲಿಂದ ಕಿತ್ತುಕೊಂಡು ಹೋಗಬೇಕೋ, ಅದೊಂದೇ ಪ್ರಶ್ನೆ ಆ ಮನೆಯಲ್ಲಿ ಎದ್ದು ಕೂತು ತಿರುಗಾಡುತ್ತಿತ್ತು.

ಇಂಥದ್ದರಲ್ಲಿ ಚುನಾವಣೆ ಬಂತು. ಈ ಸಲ ಆಳುವವರಿಗೆ ಉಳಿಗಾಲವಿಲ್ಲ ಎಂದು ಕೂಸಿಗೂ ಗೊತ್ತಿತ್ತು. ಅಡಮಾನದ ಬಡ್ಡಿ, ಗ್ಯಾಸಿನ ಬಿಲ್ಲು, ಆಸ್ಪತ್ರೆಯ ಸಾಲು. ಜನ ಹಲ್ಲು ಕಡಿದುಕೊಂಡು ಕಾಯುತ್ತಿದ್ದರು. ರಊಫ್ ವರ್ಷಗಳಿಂದ ಒಂದು ಇಂಗ್ಲಿಷ್ ಮಾತು ತಯಾರು ಮಾಡಿ ಇಟ್ಟುಕೊಂಡಿದ್ದ. ಸೋತ ದಿನ ಎಂ.ಪಿ.ಯ ಕಚೇರಿಗೆ ಹೋಗಿ ಹೇಳುವ ಮಾತು: 'ಇದು ನಿಮ್ಮ ಸ್ಟಾಪು ಮೇಡಂ, ದಯವಿಟ್ಟು ಇಳಿಯಿರಿ.' ಬಸ್ಸು ನಿಲ್ಲಿಸಿದವರಿಗೆ ಬಸ್ಸಿನ ಮಾತೇ ಆಗಬೇಕು ಎಂದು ಹಿತ್ತಿಲಲ್ಲಿ ಟೊಮ್ಯಾಟೊ ಗಿಡಗಳ ಎದುರು ಅದನ್ನು ಹೇಳಿ ಹೇಳಿ ಹದ ಮಾಡಿಕೊಂಡಿದ್ದ.

ಓಟಿನ ದಿನ ಕೋಟು ಹಾಕಿ, ಜೇಬಿನಲ್ಲಿ ಬಸ್ ಪಾಸು ಇಟ್ಟುಕೊಂಡು ನನ್ನ ಮನೆಯ ಮುಂದೆ ನಿಂತ. ಈಗ ಫೋಟೊ ಇರುವ ಗುರುತು ಕೇಳುತ್ತಾರೆ, ಮುದುಕರ ಬಸ್ ಪಾಸೂ ನಡೆಯುತ್ತದೆ. "ಬಸ್ಸಿಲ್ಲದಿದ್ರೂ ಪಾಸು ಕೆಲಸಕ್ಕೆ ಬಂತಲ್ಲ" ಅಂದ. ಜೊತೆಯಲ್ಲೇ ಶಾಲೆಯವರೆಗೂ ನಡೆದೆವು. ಗೇಟಿನ ಹತ್ತಿರ ಅವನ ಕಾಲು ನಿಂತುಬಿಟ್ಟಿತು.

"ನೀವು ಹೋಗ್ಬನ್ನಿ ಅಣ್ಣಾ."

"ಯಾಕಯ್ಯಾ? ಹದಿನಾಲ್ಕು ವರ್ಷ ಇದಕ್ಕೇ ಕಾದ್ಯಲ್ಲೋ!"

"ಜೋಡಿ ಇಲ್ಲ."

"ಅವಳಿಗೇನು ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲ. ಇವತ್ತು ಒಬ್ಬನೇ ಹೋಗಿ ಹಾಕಿದ್ರೆ, ಅವಳು ಬರಲ್ಲ ಅಂತ ನಾನೇ ಬರ್ಕೊಟ್ಟ ಹಾಗೆ."

ನಾನು ಒಳಗೆ ಹೋದೆ. ಪೆನ್ಸಿಲಿನಲ್ಲಿ ಗೀಟು ಎಳೆದು ಬಂದೆ. ಯಾರಿಗೆ ಎಂಬುದು ನನ್ನ ಹೊಟ್ಟೆಯಲ್ಲಿರಲಿ. ಹೊರಗೆ ಬಂದರೆ ರಊಫ್ ಮೋಟುಗೋಡೆಯ ಮೇಲೆ ಕೂತಿದ್ದ. ಎದೆಗೆ ಪಕ್ಷದ ಬಣ್ಣದ ರಿಬ್ಬನ್ನಿನ ಹೂವು ಚುಚ್ಚಿಕೊಂಡಿದ್ದ ಒಬ್ಬ ಹೆಂಗಸು, "ಓಟು ಹಾಕಿದ್ಯಾ ಬ್ಯಾಬ್?" ಎಂದು ಕೇಳಿದಳು. ಬರ್ಮಿಂಗ್ಹ್ಯಾಮಿನವರು ಪ್ರೀತಿ ಬಂದವರನ್ನೆಲ್ಲ ಬ್ಯಾಬ್ ಅನ್ನುತ್ತಾರೆ. ಇವನು ಎದ್ದು ನಿಂತು, "ನನ್ನ ಹೆಂಡತಿ ಊರಲ್ಲಿಲ್ಲ" ಎಂದು ಉತ್ತರ ಕೊಟ್ಟ. ಅವಳಿಗೆ ಏನು ಅರ್ಥವಾಯಿತೋ, ಪಾಪ ಎಂದು ಅವನ ತೋಳು ತಟ್ಟಿದಳು.

ಬೆಳಗಾಗುವ ಹೊತ್ತಿಗೆ ದೇಶ ಮಗುಚಿಕೊಂಡಿತ್ತು. ದೊಡ್ಡ ದೊಡ್ಡವರೆಲ್ಲ ಉರುಳಿದ್ದರು. ನಮ್ಮ ಎಂ.ಪಿ.ಯೂ ಸಾವಿರಾರು ಓಟಿನಲ್ಲಿ ಸೋತಿದ್ದಳು. ಬೀದಿಯ ಕೊನೆಯ ಮನೆಯ ಅಶೋಕ, ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ, ಕಾರು ನಿಲ್ಲಿಸಿ ಗಾಜು ಇಳಿಸಿ ಕೂಗಿದ: "ಅಂಕಲ್, ರಊಫ್ ಅಂಕಲ್ ಪಾರ್ಟಿ ಕೊಡ್ತಿಲ್ವಾ? ಹೋದ್ರಲ್ಲ, ನನ್ ಮಾರ್ಟ್‌ಗೇಜ್ ತಿಂದೋರು!" ಚಿಪ್ಸ್ ಅಂಗಡಿಯ ಮುದುಕ ಮಾತ್ರ ಬಾಗಿಲಲ್ಲಿ ನಿಂತು, ಯಾರು ಬಂದರೂ ಆಲೂಗಡ್ಡೆಯ ಮೂಟೆ ಹೊರುವುದು ನಾನೇ ಎಂದು ಗೊಣಗುತ್ತಿದ್ದ. ಜನ ಕುಣಿಯಲಿಲ್ಲ, ಪಟಾಕಿ ಇಲ್ಲ. ಬಹಳ ದಿನದ ಹಲ್ಲುನೋವಿನ ಹಲ್ಲು ಕಿತ್ತಮೇಲೆ ಕೆನ್ನೆ ಮುಟ್ಟಿ ನೋಡಿಕೊಳ್ಳುವವರ ಹಾಗೆ ಇದ್ದರು.

ನಾನು ರಊಫನ ಮನೆಗೆ ಹೋದೆ. ಅಡಿಗೆಮನೆಯ ಮೇಜಿನ ಮೇಲೆ ಮೂರು ಲೋಟ ಚಹಾ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿ, ಅದರ ಮುಂದೆ ಒಂದು ಲೋಟ ಇಟ್ಟಿದ್ದ. ಫೋನಿನೊಳಗೆ ಖೈರುನ್ನೀಸಾ. ಅಲ್ಲಿ ಸಂಜೆ. ಹೆಗಲ ಮೇಲೊಂದು ಮಗು, ಕಾಲ ಹತ್ತಿರ ಇನ್ನೊಂದು ಅಳುವ ಸದ್ದು.

"ಸಲಾಂ ಅಣ್ಣಾ. ನೋಡಿ ನಿಮ್ಮ ತಮ್ಮನ್ನ, ಫೋನಿಗೆ ಚಾ ಕುಡಿಸ್ತಾರಂತೆ."

"ಸೋತೋಳು ನೀನು" ಅಂದ ರಊಫ್. "ಒಪ್ಕೋ."

"ಒಪ್ಕೊಂಡೆ ಸಮ್ರಾನ ಅಬ್ಬಾ. ಗೆದ್ದೋರು ನೀವು. ಓಟು ಹಾಕೋಕೆ ಯಾವ ಹೊತ್ತಿಗೆ ಹೋಗಿದ್ರಿ?"

ಅವನು ಮೇಜಿನ ಮೇಲೆ ಲೋಟ ತಿರುಗಿಸತೊಡಗಿದ. ನಾನೇ, "ಗೇಟಿನ ತನಕ ಬಂದ ಕಣಮ್ಮ, ಒಳಗೆ ಬರಲಿಲ್ಲ" ಅಂದೆ.

ಆ ಕಡೆ ಮಗು ಅವಳ ಓಲೆ ಹಿಡಿದು ಎಳೆಯುತ್ತಿತ್ತು, ಬಿಡಿಸಿಕೊಳ್ಳಲಿಲ್ಲ. ಆಮೇಲೆ ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿ, "ಹುಚ್ಚು ಮನುಷ್ಯ" ಅಂದಳು. "ನನಗಾಗಿ ಯಾಕೆ ಬಿಟ್ರಿ? ನಕ್ಕೋ, ಬೇಡ ಅಂತ ನಾನ್ ಹೇಳಿದ್ನಾ?"

"ಚಾ ಆರ್ತಾ ಇದೆ" ಅಂದ ರಊಫ್.

ನನಗೆ ಹೇಗೂ ಸಕ್ಕರೆ ಕಾಯಿಲೆ. ಅವಳ ಪಾಲಿನ ಚಹಾವನ್ನು ನಾನೇ ಎತ್ತಿಕೊಂಡು ಕುಡಿದೆ. ಹಂಗಿಸಬೇಕೆಂದು ವರ್ಷಗಟ್ಟಲೆ ಕೂಡಿಟ್ಟುಕೊಂಡ ಮಾತುಗಳೆಲ್ಲ ರಊಫನ ಬಾಯಲ್ಲಿ ಒದ್ದೆ ಬೆಂಕಿಪೊಟ್ಟಣದ ಹಾಗೆ ಕೂತಿದ್ದವು, ಒಂದೂ ಹತ್ತಿಕೊಳ್ಳಲಿಲ್ಲ. ಎದುರಿಗೆ ಸೋತವಳಿಲ್ಲದ ಮನೆಯಲ್ಲಿ ಗೆದ್ದು ಏನು ಮಾಡುವುದು?

"ಒಂದು ಕೆಲಸ ಆಗಬೇಕು" ಅಂದಳು ಖೈರುನ್ನೀಸಾ. "ನಾಳೆ ಎಂ.ಪಿ. ಅಮ್ಮನ ಕಚೇರಿಗೆ ಕುಷ್ಕಾ, ದಾಲ್ಚಾ ತಗೊಂಡ್ ಹೋಗಿ ಕೊಡಿ."

"ನಾನಾ?"

"ಇನ್ಯಾರು? ಸೋತ ಮನೆ ಅದು. ಒಲೆ ಹಚ್ಚಿರಲ್ಲ."

ಇದರ ಹಿಂದೆ ಆಸ್ಟ್ರೇಲಿಯಾದ ಒಂದು ಕತೆ ಇದೆ. ಅವಳು ಅಲ್ಲಿಗೆ ಹೋದ ಹೊಸದರಲ್ಲಿ ಅಲ್ಲಿಯೂ ರಾಜ್ಯದ ಚುನಾವಣೆ. ಅಲ್ಲಿ ಓಟು ಹಾಕದವರಿಗೆ ದಂಡ. ಹಾಕಿ ಬಂದವರು ಶಾಲೆಯ ಅಂಗಳದಲ್ಲಿ ಬ್ರೆಡ್ಡಿಗೆ ಸಾಸೇಜು ಸುತ್ತಿಕೊಂಡು ಜಾತ್ರೆಯ ಹಾಗೆ ತಿನ್ನುತ್ತಾರೆ. ಅಲ್ಲಿಯೂ ಆಳುತ್ತಿದ್ದ ಪಕ್ಷ ನೆಲ ಕಚ್ಚಿತು. ಮಾರನೆಯ ದಿನ ಎಡಮನೆಯವರು ಬಿಯರ್ ಬಾಟಲಿ ತೆರೆದರು, ಎದುರುಮನೆಯವಳು ಎಲ್ಲರೂ ಕಳ್ಳರೇ ಅಂದಳು. ಬಲಮನೆಯ ಮುದುಕನೊಬ್ಬ ಮಾತ್ರ ಪರದೆ ಎಳೆದುಕೊಂಡು ಒಳಗೇ ಉಳಿದ. ಹಾಲಿನ ಕ್ಯಾನು ಬಾಗಿಲಲ್ಲೇ ಬಿಸಿಲಿಗೆ ಕೂತಿತ್ತು. ಯಾರೋ ಹೋಗಿಬಿಟ್ಟರು ಎಂದೇ ಖೈರುನ್ನೀಸಾ ತಿಳಿದಳು. ನಮ್ಮಲ್ಲಿ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಅನ್ನ ಕಳಿಸಬೇಕು. ತಲೆಗೆ ಸೆರಗು ಹೊದ್ದು, ಕುಷ್ಕಾ ಅನ್ನ, ಅದಕ್ಕೆ ಬೇಳೆಯ ದಾಲ್ಚಾ ಮಾಡಿ ಕೊಂಡುಹೋಗಿ ಬಾಗಿಲು ಬಡಿದಳು. ಮುದುಕ ತೆರೆದ. ಅವಳು ಕಣ್ಣಲ್ಲಿ ನೀರು ತಂದುಕೊಂಡು ಯಾರು ಎಂದು ಕೇಳಿದಳು. ಅವನು ಬಹಳ ಹೊತ್ತು ಅವಳನ್ನು ನೋಡಿ, "ಯಾರೂ ಸತ್ತಿಲ್ಲಮ್ಮ, ನಮ್ಮ ಪಕ್ಷ ಸೋತಿದೆ" ಎಂದು ನಗಲು ಹೋಗಿ ಅತ್ತುಬಿಟ್ಟನಂತೆ. ಚಿಕ್ಕಂದಿನಿಂದ ಆ ಪಕ್ಷದ ಕರಪತ್ರ ಹಂಚಿದವನು. ಕೂತು ಪೂರಾ ಉಂಡನಂತೆ. ಅಂದಿನಿಂದ ಸೋತ ಮನೆಯೂ ಸಾವಿನ ಮನೆಯೇ ಎಂದು ಅವಳು ಗಟ್ಟಿ ಮಾಡಿಕೊಂಡಿದ್ದಳು.

ಶನಿವಾರ ಬೆಳಿಗ್ಗೆ ರಊಫ್ ಫೋನನ್ನು ಒಲೆಯ ಪಕ್ಕ ನಿಲ್ಲಿಸಿಕೊಂಡು ಅಡಿಗೆ ಮಾಡಿದ. ಅವಳು ಅಡಿಲೇಡಿನಿಂದ ಒಗ್ಗರಣೆ ನೋಡುತ್ತಿದ್ದಳು.

"ಈರುಳ್ಳಿ ಇನ್ನೂ ಕೆಂಪಾಗಲಿ."

"ಕೆಂಪಾಗದೆ."

"ಫೋನು ಬಗ್ಗಿಸಿ ತೋರ್ಸಿ. ಇದು ಕೆಂಪಾ? ನಾಚ್ಕೊಂಡ ಹಾಗೂ ಆಗಿಲ್ಲ."

ಸೋರೆಕಾಯಿ ಹಾಕಿದ ದಾಲ್ಚಾ, ಕುಷ್ಕಾ, ಎರಡನ್ನೂ ಡಬ್ಬಿಗೆ ತುಂಬಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಹೊರಟ. ಒಬ್ಬನೇ ಹೋಗಲಾರೆ ಎಂದು ನನ್ನನ್ನೂ ಎಳೆದುಕೊಂಡು ಹೋದ. ದಾರಿಯುದ್ದಕ್ಕೂ ತುಟಿ ಅಲ್ಲಾಡುತ್ತಿತ್ತು. ಆ ಬಸ್ಸಿನ ಮಾತನ್ನೇ ಹೇಳಿಕೊಳ್ಳುತ್ತಿದ್ದ ಎಂದು ನನಗೆ ಗೊತ್ತಿತ್ತು.

ಕಚೇರಿಯ ಷಟರು ಅರ್ಧ ಇಳಿದಿತ್ತು. ಒಳಗೆ ರಟ್ಟಿನ ಪೆಟ್ಟಿಗೆಗಳು. ಎಂ.ಪಿ. ಎಂದು ಗುರುತೇ ಸಿಗದ ಹಾಗೆ, ಮೈಗೆ ಹಳೆಯ ಸ್ವೆಟರು, ಕಾಲಿಗೆ ಮನೆಯ ಚಪ್ಪಲಿ, ನೆಲದ ಮೇಲೆ ಕೂತು ಗೋಡೆಯಿಂದ ಬಿಚ್ಚಿದ ಫೋಟೊಗಳನ್ನು ಕಾಗದದಲ್ಲಿ ಸುತ್ತುತ್ತಿದ್ದಳು. ನಮ್ಮನ್ನು ಕಂಡು ಎದ್ದಳು. ಬೈಯಲು ಬಂದವರು ಎಂದುಕೊಂಡಿರಬೇಕು, ಹೆಗಲು ಗಟ್ಟಿಮಾಡಿ ನಿಂತಳು.

ರಊಫ್ ಬಾಯಿ ತೆರೆದ. ಬಸ್ಸು ಬರಲಿಲ್ಲ. "ನಿಮ್ಮ ಮನೆಯಲ್ಲಿ ಒಲೆ ಹಚ್ಚಿರುವುದಿಲ್ಲ ಎಂದು ನನ್ನ ಹೆಂಡತಿ ಇದನ್ನು ಕಳಿಸಿದ್ದಾಳೆ" ಎಂದು ಇಂಗ್ಲಿಷಿನಲ್ಲಿ ಹೇಳಿದ.

"ನಮ್ಮ ಒಲೆ ಚೆನ್ನಾಗಿಯೇ ಉರಿಯುತ್ತಿದೆಯಲ್ಲ" ಅಂದಳು ಅವಳು, ಗಾಬರಿಯಾಗಿ. ಆಮೇಲೆ ಅವಳ ಕಣ್ಣು ಡಬ್ಬಿಯ ಮೇಲೆ ಬಿತ್ತು. ಆ ಡಬ್ಬಿಯ ಗುರುತು ಅವಳಿಗೆ ಇಲ್ಲದೆ ಇರುತ್ತದೆಯೇ. "ಓ" ಅಂದಳು. "ಮೊಣಕಾಲಿನ ಮಿಸೆಸ್ ರಊಫ್! ಎಲ್ಲಿ ಅವರು?"

"ಆಸ್ಟ್ರೇಲಿಯಾದಲ್ಲಿ. ಮಗಳ ಮನೆಯಲ್ಲಿ."

ಪೆಟ್ಟಿಗೆಗಳನ್ನೇ ಮಣೆ ಮಾಡಿಕೊಂಡು ಕೂತೆವು. ಅವಳು ಡಬ್ಬಿಯಿಂದಲೇ ಚಮಚದಲ್ಲಿ ತಿಂದಳು. ನಿನ್ನೆಯಿಂದ ಬಿಸ್ಕತ್ತು ಬಿಟ್ಟು ಏನೂ ತಿಂದಿಲ್ಲ ಎಂದು ಆಮೇಲೆ ಹೇಳಿದಳು. ಹಾಗಾದರೆ ಒಲೆ ಹಚ್ಚಿರಲಿಲ್ಲ. ಖೈರುನ್ನೀಸಾ ಹೇಳಿದ್ದೇ ಸರಿ.

"ನಿಮ್ಮ ಓಟು ನನಗೆ ಈ ಜನ್ಮದಲ್ಲಿ ಬರುವುದಿಲ್ಲ ಎಂದು ಅವರು ಹೇಳಿದ್ದರು" ಅಂದಳು ನಗುತ್ತ.

"ಈ ಸಲ ನಿಮ್ಮ ವಿರುದ್ಧವೂ ಹಾಕಲಿಲ್ಲ."

"ಯಾಕೆ?"

ಅವನು ಒಪ್ಪಂದದ ಕತೆ ಹೇಳಿದ. ಜೋಡಿ, ಗೇಟು, ಸಕ್ಕರೆಯಿಲ್ಲದ ಚಹಾ, ಎಲ್ಲ. ಅವಳು ಚಮಚ ಕೆಳಗಿಟ್ಟು ಕೇಳಿದಳು. "ಮತ್ತೆ ಅವರು ಬರುವುದು ಯಾವಾಗ?"

ರಊಫ್ ನನ್ನ ಕಡೆ ತಿರುಗಿದ. ನನಗೇನೋ ಗೊತ್ತಿದ್ದ ಹಾಗೆ. ನಾನು ಪೆಟ್ಟಿಗೆಯ ಮೇಲಿನ ಬರಹ ಓದುತ್ತ ಕೂತೆ.

ಅವಳು ಮತ್ತೆ ಚಮಚ ಎತ್ತಿಕೊಂಡಳು. "ನಿನ್ನೆ ಬೆಳಿಗ್ಗೆ ಎಲ್ಲರೂ ಅಳುತ್ತಿದ್ದರು. ನನ್ನ ಗಂಡ ಒಬ್ಬನೇ ಖುಷಿಯಾಗಿದ್ದ. ಇಷ್ಟು ವರ್ಷ ವಾರವೆಲ್ಲ ಲಂಡನ್ನಿನಲ್ಲೇ ಇದ್ದೆನಲ್ಲ. ಸೋಮವಾರ ರಾತ್ರಿ ಊಟಕ್ಕೆ ಏನು ಮಾಡೋಣ ಎಂದು ಕೇಳಿದ. ಸೋಮವಾರ ನಾನು ಮನೆಯಲ್ಲಿ ಉಂಡದ್ದೇ ಇಲ್ಲ."

ವಾಪಸು ಬರುವಾಗ ನಿಂತುಹೋದ ಬಸ್ಸಿನ ಸ್ಟಾಪು ಬಂತು. ಬೆಂಚು ಇನ್ನೂ ಇದೆ, ಬಸ್ಸಿಲ್ಲ. ರಊಫ್ ಅಲ್ಲಿ ಕೂತುಬಿಟ್ಟ.

"ನೋಡಿದ್ರಾ ಅಣ್ಣಾ. ಸೋತೋಳು ಮನೆಗೆ ಬಂದ್ಲು, ಗಂಡ ಸೋಮವಾರ ಏನ್ ಅಡಿಗೆ ಅಂತ ಕೇಳ್ತಾನೆ. ಗೆದ್ದ ನನಗೆ ಯಾರು ಬಂದ್ರು?"

ಬಸ್ಸು ಬರುವುದಿಲ್ಲ ಎಂದು ಗೊತ್ತಿದ್ದೂ ಇಬ್ಬರೂ ಅಲ್ಲಿ ಸುಮಾರು ಹೊತ್ತು ಕೂತಿದ್ದೆವು.

ಆ ತಿಂಗಳು ಮುಗಿಯುವುದರೊಳಗೆ ಡಬ್ಬಿ ವಾಪಸು ಬಂತು. ಮಾಜಿ ಎಂ.ಪಿ. ತಾನೇ ನಡೆದು ಬಂದು ಬಾಗಿಲಲ್ಲಿ ಕೊಟ್ಟಳು. ಖಾಲಿ ಇರಲಿಲ್ಲ, ಕತ್ತಿನವರೆಗೂ ಗಡ್ಡದ ನೆಲ್ಲಿಕಾಯಿ. ಈ ವರ್ಷ ಕೀಳಲು ಬೇಕಾದಷ್ಟು ಬಿಡುವು ಸಿಕ್ಕಿತು ಎಂದಳಂತೆ.

ಆ ಭಾನುವಾರ ಫೋನಿನಲ್ಲಿ ರಊಫ್ ಮುಚ್ಚಳ ತೆಗೆದು ತೋರಿಸಿದ. ಖೈರುನ್ನೀಸಾ ಫೋನಿಗೆ ಮೂಗು ತಾಗುವಷ್ಟು ಹತ್ತಿರ ಬಂದಳು.

"ಎಷ್ಟು ಚೆನ್ನಾಗವೆ! ಏನ್ ಮಾಡ್ತೀರಿ ಅದನ್ನ?"

"ನೀನು ಹೇಳು, ನಾನು ಹಾಕ್ತೀನಿ. ದಾಲ್ಚಾ ಮಾಡ್ಲಿಲ್ವಾ? ಸಾಸಿವೆ ಎಷ್ಟು, ಮೆಂತ್ಯ ಎಷ್ಟು?"

ಅವಳು ಬಾಯಿ ತೆರೆದು, ಮುಚ್ಚಿದಳು. ಹಿಂದೆ ಒಂದು ಮಗು ಏನನ್ನೋ ಬೀಳಿಸಿತು. ಅವಳು ತಿರುಗಿ ನೋಡಲಿಲ್ಲ.

"ನಕ್ಕೋ" ಅಂದಳು. "ನೀವು ಮುಟ್ಟಬೇಡಿ. ಒರೆಸಿ ಫ್ರೀಜರಲ್ಲಿ ಇಡಿ. ನಾನ್ ಬಂದು ಹಾಕ್ತೀನಿ."

ದಾಲ್ಚಾ ಕಲಿಸಿದವಳು ಉಪ್ಪಿನಕಾಯಿ ಕಲಿಸಲಿಲ್ಲ. ಅಷ್ಟನ್ನು ರಊಫ್ ಭದ್ರವಾಗಿ ಹಿಡಿದುಕೊಂಡ. ಅಂದಿನಿಂದ ಅವನ ಮಾತಿನಲ್ಲಿ ಮನೆ ಮಾರುವ ಸುದ್ದಿ ನಿಂತಿತು. ಸಮ್ರಾ ಕೇಳಿದರೆ, ಫ್ರೀಜರಲ್ಲಿ ನಿಮ್ಮಮ್ಮಿ ಸಾಮಾನು ಇದೆ, ಹೇಗೆ ಮಾರಲಿ ಅನ್ನುತ್ತಿದ್ದ. ನೆಲ್ಲಿಕಾಯಿಯ ಚೀಲಕ್ಕೆ ಫ್ರೀಜರಿನಲ್ಲಿ ಮೇಲಿನ ಖಾನೆ ಪೂರಾ ಬಿಟ್ಟುಕೊಟ್ಟ. ಚಳಿಗಾಲದಲ್ಲಿ ಗಾಳಿ ಬೀಸಿ ನಮ್ಮ ಬೀದಿಯ ಆ ಬದಿಗೆ ಕರೆಂಟು ಹೋಯಿತು. ನನ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ರಊಫ್, ಟರ್ಕಿ ಟವಲಿನಲ್ಲಿ ಸುತ್ತಿದ ಏನನ್ನೋ ಎದೆಗೆ ಅವುಚಿಕೊಂಡು ನಿಂತಿದ್ದಾನೆ, ಹಸುಗೂಸನ್ನು ಆಸ್ಪತ್ರೆಗೆ ಓಡಿಸುವವನ ಹಾಗೆ.

"ನಿಮ್ಮ ಕಡೆ ಕರೆಂಟಿದ್ಯಾ ಅಣ್ಣಾ? ನೆಲ್ಲಿಕಾಯಿ ಕರಗ್ತಾ ಅವೆ."

ನನ್ನ ಫ್ರೀಜರಿನಲ್ಲಿದ್ದ ಬಟಾಣಿಯನ್ನೆಲ್ಲ ಹೊರಗೆಳೆದು ಅದಕ್ಕೆ ಜಾಗ ಮಾಡಿದೆವು. ಕರೆಂಟು ಬರುವವರೆಗೂ ಅವನು ನನ್ನ ಅಡಿಗೆಮನೆ ಬಿಟ್ಟು ಕದಲಲಿಲ್ಲ.

ಆ ಗಾಳಿಯ ಕತೆಯನ್ನು ನಾನೇ ಫೋನಿನಲ್ಲಿ ಖೈರುನ್ನೀಸಾಳಿಗೆ ಹೇಳಿದೆ. ಟವಲಿನ ವಿಷಯ ಹೇಳುವಾಗ ಅವಳು ನಕ್ಕಳು. ಆಮೇಲೆ ನಗುವ ಸದ್ದು ನಿಂತು ಬರೀ ಉಸಿರು ಕೇಳಿತು. ಅದಾಗಿ ಸ್ವಲ್ಪ ದಿನಕ್ಕೆ ಸಮ್ರಾ ಅಪ್ಪನಿಗೆ ಫೋನು ಮಾಡಿದಳು. ನಾನು ಅಲ್ಲೇ ಕೂತಿದ್ದೆ. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಬಾಯಿಂದ ಬರುವುದು ಇಂಗ್ಲಿಷು. ಮಕ್ಕಳನ್ನು ನರ್ಸರಿಗೆ ಸೇರಿಸುತ್ತಿದ್ದೇನೆ, ಅಮ್ಮಿ ಟಿಕೆಟ್ ತೆಗೆಸು ಎಂದು ಹಟ ಹಿಡಿದಿದ್ದಾಳೆ ಅಂದಳು. ಕೇಳಿದರೆ ಏನೋ ಗೂಸ್‌ಬೆರಿ ಹಾಳಾಗುತ್ತದೆ ಅನ್ನುತ್ತಾಳೆ. "ಅಬ್ಬಾ, ಇಷ್ಟು ದೂರದ ಟಿಕೆಟ್ಟಿಗೆ ಸಮ ಆಗುವಂಥ ಹಣ್ಣಾ ಅದು?"

"ಹಣ್ಣಲ್ಲ, ಕಾಯಿ" ಅಂದ ರಊಫ್. "ಸಮ ಆಗ್ತದೆ ಅಂತ ಹೇಳು."

ಅವಳು ಬರುವುದು ಏಪ್ರಿಲಿಗೆ. ಇನ್ನೂ ಬಂದಿಲ್ಲ. ಈಗ ಅವನಿಗೆ ಹೊಸ ಚಿಂತೆ. ಹದ ನೋಡಲೆಂದು ದಿನಾ ಬೆಳಿಗ್ಗೆ ನನ್ನನ್ನು ಕರೆದು ಕೂರಿಸಿ ಸಕ್ಕರೆಯಿಲ್ಲದ ಚಹಾ ಕುಡಿಸುತ್ತಾನೆ. ಮನೆಗೆ ಕಾಲಿಟ್ಟ ತಕ್ಷಣ ಅವಳ ಕೈಗೆ ಕೊಡಬೇಕಂತೆ, ಹಳೆಯ ಬಾಕಿ.

"ಸಕ್ಕರೆ ಇಲ್ಲದ ಚಾಕ್ಕೆ ಎಂಥ ಹದಾನೋ?" ಅಂದೆ ನಿನ್ನೆ.

"ಇರ್ತದೆ ಅಣ್ಣಾ. ಮುಖ ಹಿಂಡ್ಕೋಬೇಕು" ಅಂದ, ಲೋಟವನ್ನು ನನ್ನ ಕಡೆ ಸರಿಸುತ್ತ, "ಆದ್ರೆ ಲೋಟ ಕೆಳಗೆ ಇಡಬಾರದು."